ತಪಕೀರಿನ ಡಬ್ಬಿಯೂ ಶನಿದರ್ಶನವೂ

ಕಳೆದ ಸೆಪ್ಟೆಂಬರಿನ ಒಂದು ರವಿವಾರ ಮುಂಜಾನೆ ಒಲೆಯ ಮುಂದೆ ಕೂತು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ನಾನು ಪ್ರತಿಜ್ಞೆ ಮಾಡಿದೆ.

"ನಸೀರುದ್ದೀನ ಮಾಸ್ತರರ ದುರ್ಬೀನಿನ ಕನ್ನಡಿಗಳನ್ನ ನಾನೇ ನೆಟ್ಟಗ ಮಾಡತೀನಿ. ಮನ್ಯಾಗಿನ ಸಾಮಾನಿಲೇ ಮಾಡತೀನಿ. ಹೊರಗಿಂದ ಒಂದು ಸೂಜಿ ಸೈತ ತರಂಗಿಲ್ಲ!"

ನನ್ನ ಹೆಂಡತಿ ಮಲ್ಲಿಕಮ್ಮ ಮೂರನೆಯ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮನ್ಯಾಗಿನ ಸಾಮಾನು ಅಂದ್ರ ಯಾರ ಸಾಮಾನು?"

"ನಮ್ಮ ಸಾಮಾನು."

"ಅಂದ್ರ ನನ್ನವು," ಎಂದಳು. ರೊಟ್ಟಿ ಹಂಚಿಗೆ ಬಿತ್ತು.

ಹೆಸರಿಗೆ ನಾನು ಮೌನಪ್ಪ. ಸುರಪುರದಿಂದ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬಾತ್ಮಿ ಬರೆದು ಕಳಿಸುವವನು. ಆಡಬೇಕಾದ್ದಕ್ಕಿಂತ ಎರಡು ಮಾತು ಹೆಚ್ಚು ಆಡುವುದು ನನ್ನ ಹುಟ್ಟುಗುಣ. ಆ ಎರಡು ಮಾತುಗಳಿಂದಲೇ ಈ ಅನಾಹುತವೂ ಆಯಿತು.

ನಸೀರುದ್ದೀನರು ನಮ್ಮೂರ ಹೈಸ್ಕೂಲಿನ ಗಣಿತದ ಮಾಸ್ತರರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಮೂರು ವರ್ಷ ಪ್ರತಿದಿನ ಸಂಜೆ ಅವರು ಒಂದು ದಪ್ಪ ಗಾಜನ್ನು ಇನ್ನೊಂದು ಗಾಜಿನ ಮೇಲಿಟ್ಟು ಉಜ್ಜಿದರು. ಆ ಕರ್ರ್ ಕರ್ರ್ ಸದ್ದು ಗೋಡೆ ದಾಟಿ ಬರುತ್ತಿತ್ತು. ಊರ ಜನ ಮಾಸ್ತರರಿಗೆ ತಲೆ ಕೆಟ್ಟಿದೆ ಎಂದರು. ನಾನು ಹಾಗನ್ನಲಿಲ್ಲ. ಹಾಗೆ ಅನ್ನುವವರು ಇದ್ದಾರೆ ಎಂದು ಅವರಿಗೆ ತಿಳಿಸಿದೆ, ಅಷ್ಟೆ!

ಅವರು ಉಜ್ಜಿದ್ದು ಅವರ ಹೆಂಡತಿ ಖುರ್ಷೀದಬೇಗಂಗಾಗಿ. ಆಕೆಯ ತಂದೆ ಹೈದರಾಬಾದಿನಲ್ಲಿ ಆಕಾಶ ನೋಡುವ ದೊಡ್ಡ ದುರ್ಬೀನಿನ ಕಚೇರಿಯಲ್ಲಿ ಕಾರಕೂನರಾಗಿದ್ದರು. ಒಂದು ದಿನ ಮನೆಗೆ ಬಂದು, "ಶನಿ ಚುಕ್ಕಿಗೆ ಉಂಗುರ ಅದ, ಇವತ್ತು ನನ್ನ ಕಣ್ಣಿಲೆ ಕಂಡೆ" ಎಂದರಂತೆ. ಒಂಬತ್ತು ವರ್ಷದ ಹುಡುಗಿ ಇದನ್ನು ಓಣಿಯ ಗೆಳತಿಯರಿಗೆಲ್ಲ ಹೇಳಿದಳು. ಅವರು ನಕ್ಕರು. "ನಿಮ್ಮ ಅಬ್ಬಾ ಸುಳ್ಳಬುರಕ" ಎಂದರು. ನನಗೂ ತೋರಿಸು ಎಂದು ಆಕೆ ತಂದೆಗೆ ದುಂಬಾಲು ಬಿದ್ದಳು. ನಾಳೆ ಎಂದರು. ಆ ನಾಳೆ ಬರುವುದರೊಳಗೆ ತಂದೆ ತೀರಿಕೊಂಡರು. ಮದುವೆಯಾದ ಹೊಸತರಲ್ಲಿ ಆಕೆ ಗಂಡನಿಗೆ ಇದನ್ನು ಹೇಳಿದ್ದು ಒಂದೇ ಸಲ. ಮಾಸ್ತರರು ಮುಂದೆ ಗಾಜು ತರಿಸಿದರು.

ಆಗಸ್ಟಿನಲ್ಲಿ ಕನ್ನಡಿ ಮುಗಿಯಿತು. ಮೇಲೆ ಬೆಳ್ಳಿಯ ಪದರವೂ ಕೂತಿತು. ತಗಡಿನ ಕೊಳವೆಯ ತಳದಲ್ಲಿ ಸಣ್ಣ ತಾಟಿನಷ್ಟು ಅಗಲದ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಓರೆಯಾಗಿ ನಿಂತ ಒಂದು ಸಣ್ಣ ಕನ್ನಡಿ. ದೊಡ್ಡದು ಆಕಾಶದ ಬೆಳಕು ಹಿಡಿದು ಸಣ್ಣದಕ್ಕೆ ಕೊಡಬೇಕು, ಸಣ್ಣದು ಅದನ್ನು ಪಕ್ಕಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕೊಡಬೇಕು. ಗಂಡ ಹೆಂಡಿರ ಹಾಗೆ ಇಬ್ಬರ ಮುಖವೂ ನೆಟ್ಟಗಿದ್ದರೆ ಶನಿ ಕಾಣುತ್ತಾನೆ. ಒಬ್ಬರು ಮುನಿಸಿಕೊಂಡು ತುಸು ಮುಖ ತಿರುವಿದರೂ ಆಟ ಮುಗಿಯಿತು!

ಮಳೆಗಾಲದ ಮೋಡ ಹರಿಯುವುದನ್ನೇ ಅವರು ಕಾಯುತ್ತಿದ್ದರು. ಅಷ್ಟರಲ್ಲಿ ನಾನು ಹೋಗಿ, "ಮಾಸ್ತರ, ಒಂದ ದಿನದ ಮಟ್ಟಿಗೆ ದುರ್ಬೀನು ಕೊಡ್ರಿ, ಶಹಾಪುರದಾಗ ನಮ್ಮ ಮಂದಿಗಿ ತೋರಿಸಿ ತರತೀನಿ" ಎಂದೆ. ಇಲ್ಲ ಎನ್ನುವುದು ಅವರಿಗೆ ಬಾರದ ವಿದ್ಯೆ. ಶಹಾಪುರದ ಗುಡ್ಡ ಮನುಷ್ಯ ಅಂಗಾತ ಮಲಗಿದಂತಿದೆ. ಅವನ ಮೂಗಿನ ಮೇಲೆ ಮೇಯುತ್ತಿದ್ದ ಆಡೊಂದನ್ನು ಹನ್ನೆರಡು ಜನಕ್ಕೆ ತೋರಿಸಿದೆ. ಆಡು ತಲೆಕೆಳಗಾಗಿ ಕಂಡಿತು. ಅದನ್ನೂ ನನ್ನದೇ ಕೈಚಳಕ ಎಂಬಂತೆ ವಿವರಿಸಿದೆ. ಬರುವಾಗ ಬಸ್ಸಿನಲ್ಲಿ ಜಾಗವಿಲ್ಲ. ದುರ್ಬೀನು ಬಸ್ಸಿನ ತಲೆಯ ಮೇಲೆ ಶೇಂಗಾ ಚೀಲಗಳ ನಡುವೆ ಕುಲುಕುತ್ತ ಬಂತು.

ಮರುದಿನ ಸಂಜೆ ಮೋಡ ಹರಿಯಿತು. ಖುರ್ಷೀದಬೇಗಂ ಮಾಳಿಗೆ ಹತ್ತಿ, ಸೆರಗು ಸರಿಪಡಿಸಿಕೊಂಡು, ಉಸಿರು ಬಿಗಿಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಬಾಲ ಇದ್ದ ಕಪ್ಪಿಮರಿ ಕಂಡಂಗ ಕಾಣತದರಿ," ಎಂದು ಮೆಲ್ಲಗೆ ಹೇಳಿ ಕೆಳಗಿಳಿದರು. ಬಸ್ಸಿನ ಕುಲುಕಾಟಕ್ಕೆ ಕನ್ನಡಿಗಳು ಮುಖ ತಿರುವಿಕೊಂಡಿದ್ದವು!

ಅದೇ ವಾರ ಮಾಸ್ತರರಿಗೆ ವರ್ಗಾವಣೆಯ ಹುಕುಂ ಬಂತು. ನವೆಂಬರ್ ಒಂದಕ್ಕೆ ಭಾಷೆವಾರು ಹೊಸ ರಾಜ್ಯಗಳು ಬರುತ್ತಿದ್ದವು. ನಮ್ಮ ಸುರಪುರ ಮೈಸೂರಿನ ಕಡೆಗೆ, ಹೈದರಾಬಾದು ಆಂಧ್ರದ ಕಡೆಗೆ. ಮಾಸ್ತರರ ಹೆಸರು ಹೈದರಾಬಾದಿನ ಯಾದಿಯಲ್ಲಿತ್ತು. ಅಕ್ಟೋಬರ್ ಇಪ್ಪತ್ತೊಂಬತ್ತಕ್ಕೆ ಊರು ಬಿಡಬೇಕು. ಶನಿಯೂ ದಿನದಿಂದ ದಿನಕ್ಕೆ ಪಶ್ಚಿಮಕ್ಕೆ ಇಳಿಯುತ್ತಿದ್ದ. ಅಕ್ಟೋಬರ್ ಕಳೆದರೆ ಸೂರ್ಯನ ಬೆಳಕಿನಲ್ಲಿ ಮುಳುಗಿಬಿಡುತ್ತಾನೆ.

"ಹೈದರಾಬಾದಿನ್ಯಾಗ ನೋಡಿದ್ರಾತು ಬಿಡ್ರಿ," ಎಂದರು ಮಾಸ್ತರರು. ಮರುಕ್ಷಣ ಅವರೇ, "ಅಲ್ಲಿ ಮಾಳಗಿ ಇದ್ದ ಮನಿ ಸಿಗತದೋ ಇಲ್ಲೋ" ಎಂದರು.

ಅದಕ್ಕೇ ನನ್ನ ಪ್ರತಿಜ್ಞೆ!

ಕನ್ನಡಿ ನೆಟ್ಟಗೆ ಮಾಡಲು ಒಂದು ಉಪಕರಣ ಬೇಕು. ಕಲಕತ್ತೆಯ ಕಂಪನಿಯ ಯಾದಿಯಲ್ಲಿ ಅದಿತ್ತು, ಬೆಲೆ ಮಾಸ್ತರರ ಒಂದು ತಿಂಗಳ ಪಗಾರ. ನಮ್ಮೂರ ಕಂಚುಗಾರನನ್ನು ಕೇಳಿದರೆ, "ಮಾಡಿ ಕೊಡತೀನಿ, ಆದ್ರ ದೀಪಾವಳಿ ಆದಮ್ಯಾಲೆ" ಎಂದ. ಮಾಸ್ತರರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಎರಡೂ ಕಡೆ ತೆರೆದ ಗಿಡ್ಡ ಕೊಳವೆ. ಒಂದು ಬಾಯಿಗೆ ಮುಚ್ಚಳ, ಅದರ ನಟ್ಟನಡುವೆ ಸೂಜಿಯಷ್ಟು ತೂತು. ಇನ್ನೊಂದು ಬಾಯಿಗೆ ಅಡ್ಡ ಒಂದು, ಉದ್ದ ಒಂದು ಎಳೆ ದಾರ. ಕಣ್ಣಿಡುವ ಕಡೆ ಅದನ್ನು ಸಿಕ್ಕಿಸಿ, ತೂತಿನಿಂದ ನೋಡುತ್ತ ಕನ್ನಡಿಯ ಹಿಂದಿನ ಸ್ಕ್ರೂ ತಿರುಗಿಸಬೇಕು.

"ಇಷ್ಟೇನಾ!" ಎಂದೆ. "ನೀವು ಸಾಲ್ಯಾಗ ಚಾರ್ಜ್ ಒಪ್ಪಿಸ್ರಿ ಮಾಸ್ತರ. ಕನ್ನಡಿ ನನಗ ಬಿಡ್ರಿ."

ಕೊಳವೆಗೆ ನನ್ನ ತಪಕೀರಿನ ಡಬ್ಬಿ ಸರಿಹೋಯಿತು. ಇಪ್ಪತ್ತು ವರ್ಷ ನಶ್ಯ ತುಂಬಿಕೊಂಡು ನನ್ನ ಜೇಬಿನಲ್ಲಿ ಬಾಳಿದ ಹಿತ್ತಾಳೆಯ ಡಬ್ಬಿ. ವಿಜ್ಞಾನಕ್ಕಾಗಿ ಅದನ್ನು ತ್ಯಾಗ ಮಾಡಿದೆ. ತಳ ಕತ್ತರಿಸಿದೆ, ಮುಚ್ಚಳಕ್ಕೆ ತೂತು ಹೊಡೆದೆ, ಸೀಗೆಕಾಯಿ ಹಾಕಿ ಮೂರು ಸಲ ತೊಳೆದೆ.

ಇನ್ನು ದಾರ. ಹೊಲಿಗೆಯ ದಾರ ದಪ್ಪವಾಯಿತು. ಮಾಸ್ತರರು ಹೇಳಿದ್ದು ಕೂದಲಿನಂಥ, ಆದರೆ ಬಣ್ಣ ಎದ್ದು ಕಾಣುವ ಎಳೆ. ಟ್ರಂಕು ತೆಗೆದೆ. ಒಳಗೆ ಹೊಸ ಇಳಕಲ್ಲ ಸೀರೆ, ಸೆರಗಿನ ತುಂಬ ಕೆಂಪು ರೇಶಿಮೆ. ಎರಡೇ ಎಳೆ! ಯಾರಿಗೆ ಗೊತ್ತಾಗುತ್ತದೆ? ಮೊದಲನೆಯದನ್ನು ಎಳೆದೆ. ಬಂತು. ಎಳೆದಂತೆಲ್ಲ ಬಂತು. ಎರಡನೆಯದು ಮುಗಿಯುವ ಹೊತ್ತಿಗೆ ಸೆರಗು ನೆನೆದು ಒಣಗಿದ ಹಪ್ಪಳದಂತೆ ಮುದುಡಿ ಕೂತಿತ್ತು.

"ಏನ್ರಿ ಇದು?"

ಮಲ್ಲಿಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಎರಡೇ ಎಳಿ…"

"ಅದು ಬೇಗಂಗ ಕೊಡಾಕಂತ ನಮ್ಮ ತವರಿನಿಂದ ತರಸಿದ್ದು! ಹೋಗೂ ಮುಂದ ಉಡಿ ತುಂಬಿ ಕೊಡಬೇಕಂತಿದ್ದೆ! ಯಾವ ಮಾರಿ ಇಟ್ಕೊಂಡು ಕೊಡಲಿ ಈಗ?"

"ಬೇಗಂ ಸಲುವಾಗೇ ತಗದೀನಿ."

"ಹೌದು, ಮಂದಿ ಸಲುವಾಗಿ ಮಂದಿ ಸೀರಿ ಹರಕೊಂಡು ಹೊಂಟೀರಿ! ಅದೂ ಯಾರನ್ನ ನೋಡಾಕ? ಶನಿನ್ನ! ನಿಮಗ ಅವನ ಏಳೂವರಿ ವರ್ಷದ ಸಾಡೇಸಾತಿ ನಡದದ. ಅವ ನಮ್ಮನ್ನ ನೋಡಬಾರದಂತ ಶನಿವಾರಕ್ಕೊಮ್ಮಿ ಗುಡಿಗಿ ಹೋಗಿ ಎಣ್ಣಿ ಎರದು ಬರತೀನಿ. ನೀವು ನೋಡಿದ್ರ ಕೊಳವಿ ಹಚ್ಚಿ ಅವನ್ನ ಹುಡುಕಾಕತ್ತೀರಿ!"

ನಾನು ಎರಡೂ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು ಹಿತ್ತಲಿಗೆ ನಡೆದೆ.

ಉಪಕರಣ ಸಿದ್ಧವಾಯಿತು. ನಮ್ಮ ಮನೆಗೆ ತಂದಿಟ್ಟುಕೊಂಡಿದ್ದ ದುರ್ಬೀನಿಗೆ ಸಿಕ್ಕಿಸಿ ಕಣ್ಣಿಟ್ಟೆ. ಆಕ್ಷೀ! ಸೀಗೆಕಾಯಿಗೆ ಬಗ್ಗದ ಇಪ್ಪತ್ತು ವರ್ಷದ ತಪಕೀರು! ತಲೆ ಕೊಳವೆಗೆ ಬಡಿಯಿತು, ಕನ್ನಡಿ ಇನ್ನಷ್ಟು ಸೊಟ್ಟಗಾಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮತ್ತೆ ಕೂತೆ. ಮೂರು ಸಂಜೆ ಕೂತೆ. ಮೊದಲನೆಯ ಸಂಜೆ ಕಪ್ಪೆಮರಿಯ ಬಾಲ ಎಡಕ್ಕಿತ್ತು, ಎರಡನೆಯ ಸಂಜೆ ಬಲಕ್ಕೆ ಬಂತು. ಮೂರನೆಯ ಸಂಜೆ ಕಪ್ಪೆಮರಿಯೇ ಇರಲಿಲ್ಲ!

ಮಾಸ್ತರರು ಶಾಲೆಯಿಂದ ಬಂದು ನೋಡಿದರು.

"ಡಬ್ಬಿ ಛಲೋ ಮಾಡೀರಿ. ಆದ್ರ ದೊಡ್ಡ ಕನ್ನಡಿ ನಟ್ಟನಡೂ ಒಂದು ಗುರ್ತು ಬೇಕ್ರಿ ಮೌನಪ್ಪನವರ. ದಾರ ಕೂಡೂ ಜಾಗ ಆ ಗುರ್ತಿನ ಮ್ಯಾಲೆ ಬಂದು ಕುಂದ್ರಬೇಕು. ಗುರ್ತ ಇಲ್ಲಂದ್ರ ನಡೂ ಯಾವುದಂತ ಹ್ಯಾಂಗ ತಿಳೀತದ?"

"ಮತ್ತ ಹಾಕ್ರೆಲ್ಲ ಗುರ್ತು!"

"ನಡೂ ಹುಡಕೂದು ನನಗ ಬರತದ. ಮುಟ್ಟೂ ಧೈರ್ಯ ಇಲ್ಲ." ಅವರು ಕಣ್ಣಿನ ಚಾಳೀಸು ತೆಗೆದು ಗಾಜು ಒರೆಸಿಕೊಂಡರು. "ಮೂರು ವರ್ಷ ಉಜ್ಜೀನ್ರಿ. ಕೈ ಜಾರಿ ಬೆಳ್ಳಿ ಕಿತ್ತಿತಂದ್ರ ಮತ್ತ ಮಸಾಲಿ ತರಸಿ ಹಚ್ಚೂದ್ರಾಗ ಶನಿನೂ ಹೋಗತಾನ, ನಾವೂ ಹೋಗತೀವಿ."

ನಾವೂ ಹೋಗತೀವಿ ಎಂದದ್ದು ಗೋಡೆಯ ಆಚೆ ಬೇಗಂಗೆ ಕೇಳಿಸಿರಬೇಕು. ಅಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು.

ನಾನು ದೊಡ್ಡ ಕನ್ನಡಿಯನ್ನು ಕೊಳವೆಯಿಂದ ಬಿಚ್ಚಿ, ಹಳೆಯ ಧೋತರದಲ್ಲಿ ಸುತ್ತಿ ನಮ್ಮ ಮನೆಯ ಗೋಡೆಯ ಮಾಡದಲ್ಲಿಟ್ಟೆ. ಏನಾದರೂ ಉಪಾಯ ಹೊಳೆದೀತೆಂದು ದಿನಗಳೆದೆ. ಅಷ್ಟರಲ್ಲಿ ಮಹಾನವಮಿ ಬಂತು. ಅಂದು ನಮ್ಮ ಕಡೆ ಖಂಡೇಪೂಜೆ. ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ.

ನಾನು ಬಾತ್ಮಿಯ ಲಕೋಟೆ ಟಪಾಲಿಗೆ ಹಾಕಿ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಕುಡುಗೋಲು, ಈಳಿಗೆ, ಒನಕೆ, ನಾನು ಬರೆಯುವ ಟಾಕು, ಮಸಿಯ ದವತಿ. ದುರ್ಬೀನಿನ ಕೊಳವೆಗೆ ಮೂರು ಬೆರಳಿನ ವಿಭೂತಿ, ಚೆಂಡುಹೂವಿನ ಮಾಲೆ. ಅದರ ಪಕ್ಕದಲ್ಲಿ ಧೋತರ ಬಿಚ್ಚಿಸಿಕೊಂಡ ದೊಡ್ಡ ಕನ್ನಡಿ. ಮೂರು ವರ್ಷ ಉಜ್ಜಿದ ಕನ್ನಡಿ! ಉಸಿರು ತಾಗಿದರೆ ಮಾಸುವ ಕನ್ನಡಿ! ಅದರ ನಡುವೆ ಕೆಂಪಗೆ, ಒದ್ದೆಯಾಗಿ, ಒಂದು ಕುಂಕುಮದ ಬೊಟ್ಟು!

"ಏನ ಮಾಡಿದಿ!" ಎಂದು ನಾನು ಕೂಗಿದ್ದು ಬಜಾರಿನವರೆಗೂ ಕೇಳಿತಂತೆ.

"ಪೂಜಿ ಮಾಡೀನಿ."

"ಕನ್ನಡಿಗಿ ಯಾಕ ಹಚ್ಚಿದಿ?"

"ಕೊಳವಿ ಗಂಡಸು, ವಿಭೂತಿ ಹಚ್ಚಿದೆ. ಕನ್ನಡಿ ಹೆಣ್ಣಲ್ಲೇನ್ರಿ? ಹಬ್ಬದ ದಿನ ಹೆಣ್ಣಮಗಳನ್ನ ಬರೇ ಹಣಿಲೆ ಕುಂದ್ರಸಲೇನು?"

ಕನ್ನಡಿಯನ್ನೆತ್ತಿಕೊಂಡು ನಾನು ಪಕ್ಕದ ಮನೆಗೆ ನಡೆದೆ. ಹತ್ತು ಹೆಜ್ಜೆಯ ದಾರಿ. ಆ ಹತ್ತು ಹೆಜ್ಜೆಯಲ್ಲಿ ನನಗೆ ಸಾಡೇಸಾತಿ ಎಂದರೇನೆಂದು ಪೂರ್ತಿ ಅರ್ಥವಾಯಿತು. "ಮಾಸ್ತರ, ನನ್ನ ಹೊಡೀರಿ," ಎಂದು ಅವರ ಮುಂದೆ ಇಟ್ಟೆ.

ಅವರು ನೋಡಿದರು. ಕನ್ನಡಿಯ ಅಳತೆಗೆ ಕಾಗದ ದುಂಡಗೆ ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಮೂಲೆ ಚಿವುಟಿ ಬಿಚ್ಚಿದರು. ನಟ್ಟನಡುವೆ ತೂತು. ಆ ಕಾಗದವನ್ನು ಕನ್ನಡಿಗೆ ತಾಗಿಸದೆ ಮೇಲೆ ಹಿಡಿದರು. ತೂತಿನಲ್ಲಿ ಕೆಂಪು ಬೊಟ್ಟು ಪೂರ್ತಿ ಕಂಡಿತು. ಕಾಗದ ತಿರುಗಿಸಿ ಹಿಡಿದರು. ಮತ್ತೆ ಅಲ್ಲೇ ಕಂಡಿತು.

"ಯಾರು ಹಾಕ್ಯಾರ್ರಿ ಇದನ್ನ?"

"ಇನ್ಯಾರು? ನಮ್ಮಾಕಿ."

"ಕೂದಲೆಳಿ ಅಷ್ಟು ಅತ್ಲಾಗ ಇಲ್ಲ, ಇತ್ಲಾಗ ಇಲ್ಲ!" ಮಾಸ್ತರರು ಎದ್ದು ನಿಂತರು. "ಅರೇ, ಹೆದರಬ್ಯಾಡ್ರಿ. ನಡೂ ಜಾಗ ಸಣ್ಣ ಕನ್ನಡಿ ನೆರಳಿನ್ಯಾಗ ಇರತದ, ಅದು ಎಂದೂ ಆಕಾಶ ನೋಡಂಗಿಲ್ಲ. ಅಲ್ಲಿ ಏನು ಹಚ್ಚಿದ್ರೂ ನುಕ್ಸಾನ ಇಲ್ಲ. ನಮಗ ಬೇಕಾಗಿದ್ದ ಗುರ್ತು ಇದ ಅಲ್ಲೇನ್ರಿ!"

ಅವರು ನಮ್ಮ ಮನೆಯ ಹೊಸ್ತಿಲಿಗೇ ಬಂದು ಕೇಳಿದರು. "ಭಾಬಿ, ನಡೂ ಹ್ಯಾಂಗ ಹಿಡದ್ರಿ? ಏನಿಲೆ ಅಳದ್ರಿ?"

ಮಲ್ಲಿಕಮ್ಮ ಸೆರಗು ತಲೆಯ ಮೇಲೆಳೆದುಕೊಂಡು ಹೇಳಿದಳು. "ಅಳಿಯೂದೇನ್ರಿ ಅದರಾಗ? ದಿನಾ ಇಪ್ಪತ್ತು ರೊಟ್ಟಿ ಬಡಿತೀನಿ. ನಡೂ ಯಾವುದಂತ ಕೈಗಿ ಗೊತ್ತಿಲ್ಲಂದ್ರ ರೊಟ್ಟಿ ದುಂಡಗಾಗತದೇನು?"

ಆಮೇಲೆ ನನ್ನ ಕಡೆ ತಿರುಗಿ, "ತಿನ್ನಾಕಷ್ಟೇ ಕುಂತವರಿಗಿ ಹ್ಯಾಂಗ ತಿಳೀಬೇಕು?" ಎಂದಳು.

ಸಂಜೆ ಮಾಸ್ತರರೂ ಮಲ್ಲಿಕಮ್ಮನೂ ಸೇರಿ ಕನ್ನಡಿಯನ್ನು ಕೊಳವೆಗೆ ಕೂಡಿಸಿದರು. ನಾನು ಲಾಟೀನು ಹಿಡಿದೆ. ಆದರೆ ಈಗ ಬೇರೆ ತೊಡಕು. ಶನಿ ತೀರ ಕೆಳಗಿಳಿದಿದ್ದ. ನಮ್ಮ ಮಾಳಿಗೆಯಿಂದ ನೋಡಿದರೆ ಪಶ್ಚಿಮಕ್ಕೆ ಗುಡ್ಡ ಅಡ್ಡ. ಬಯಲಾದ ಪಶ್ಚಿಮ ಬೇಕೆಂದರೆ ಬೋನಾಳದ ಕೆರೆಯ ಏರಿಗೇ ಹೋಗಬೇಕು.

ಸೀಗೆ ಹುಣ್ಣಿಮೆ ಕಳೆದ ಮೂರನೆಯ ದಿನ ಮಧ್ಯಾಹ್ನ ಒಂದು ಕಮಾನು ಬಂಡಿ ಮಾಡಿದೆವು. ಒಳಗೆ ಹೆಂಗಸರಿಬ್ಬರು, ಅವರ ತೊಡೆಗಳ ಮೇಲೆ ಉದ್ದಕ್ಕೂ ಮಲಗಿದ ದುರ್ಬೀನು. ಹಿಂದೆ ನಡೆದು ಬರುವ ನಾವಿಬ್ಬರು. ದಾರಿಯುದ್ದಕ್ಕೂ ಕಮಾನಿನೊಳಗಿಂದ ನಗೆ ಕೇಳುತ್ತಿತ್ತು. ನಡುನಡುವೆ ಏನೂ ಕೇಳುತ್ತಿರಲಿಲ್ಲ. ಆಗ ಮಾಸ್ತರರೂ ನಾನೂ ರಸ್ತೆ ನೋಡುತ್ತ ನಡೆಯುತ್ತಿದ್ದೆವು.

ಬೋನಾಳ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ಹಕ್ಕಿಗಳು ಜಾಲಿಮರಗಳಿಗೆ ಮರಳುತ್ತಿದ್ದವು. ಬಂಡಿಯ ಕುಲುಕಾಟಕ್ಕೆ ಕನ್ನಡಿ ಮತ್ತೆ ಸೊಟ್ಟಗಾಗಿತ್ತು, ಅದು ಗೊತ್ತಿದ್ದ ಮಾತೇ. ಬೆಳಕು ಇರುವಷ್ಟರಲ್ಲಿ ಸರಿಮಾಡಬೇಕು. ನಾನು ಮುಂದೆ ಬಂದೆ. ನನ್ನ ಡಬ್ಬಿ, ನನ್ನ ಹಕ್ಕು! ಸಿಕ್ಕಿಸಿದೆ. ಕಣ್ಣಿಟ್ಟೆ. ಕೆಂಪು ದಾರ ಕಂಡಿತು, ಕೆಂಪು ಬೊಟ್ಟು ಕಂಡಿತು. ಎರಡಕ್ಕೂ ಅಂಗೈಯಗಲ ಜಗಳ. ಸ್ಕ್ರೂಗೆ ಕೈ ಹಾಕಿದೆ.

ಆಕ್ಷೀ!

ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಆಕಾಶ ಕಪ್ಪಾಯಿತು. ಎತ್ತು ಬೆದರಿ ನೊಗ ಜಗ್ಗಿತು. ಆಕ್ಷೀ! ಆಕ್ಷೀ! ಸಾವಿರಾರು ರೆಕ್ಕೆಗಳ ಸದ್ದಿನಲ್ಲಿ ಮಾಸ್ತರರು ಏನೋ ಕೂಗುತ್ತಿದ್ದರು, ಕೇಳಿಸಲಿಲ್ಲ. ನನ್ನ ಎರಡೂ ಕಣ್ಣಲ್ಲಿ ಧಾರಾಕಾರ ನೀರು.

"ಸರೀರಿ ಅತ್ಲಾಗ," ಎಂದಳು ಮಲ್ಲಿಕಮ್ಮ. ಮೂಗನ್ನು ಸೆರಗಿನಿಂದ ಬಿಗಿಹಿಡಿದು ತೂತಿಗೆ ಕಣ್ಣಿಟ್ಟಳು. "ಮಾಸ್ತರ, ಬೊಟ್ಟು ಎಡಕ್ಕ ಜರದದ. ಹಿಂದಿನ ಸ್ಕ್ರೂ ತಿರುವ್ರಿ. ಭಾಳಾತು. ಒಂಚೂರು ಹಿಂದಕ ಬರ್ರಿ. ಇನ್ನೊಂದು ತಿರುವ್ರಿ. ಹಾಂ, ಬಿಡ್ರಿ. ಕೂಡಿತು."

ನಾನು ಮೂರು ಸಂಜೆ ಮಾಡಿದ ಕೆಲಸಕ್ಕೆ ಅವಳಿಗೆ ಹಿಡಿದದ್ದು ಒಂದು ರೊಟ್ಟಿ ಬೇಯುವ ಹೊತ್ತು.

ಕತ್ತಲಿಳಿಯಿತು. ಹಕ್ಕಿಗಳು ಮತ್ತೆ ಕೂತವು. ಮಾಸ್ತರರು ಕೊಳವೆಯನ್ನು ಪಶ್ಚಿಮಕ್ಕೆ ತಿರುಗಿಸಿ, ಡಬ್ಬಿ ತೆಗೆದು ಕಣ್ಣಿನ ಗಾಜು ಹಾಕಿ, ಹೆಂಡತಿಗೆ ಜಾಗ ಬಿಟ್ಟರು. ಖುರ್ಷೀದಬೇಗಂ ಬಾಗಿ ನೋಡಿದರು.

"ಅಬ್ಬಾ ಸಚ್ಚೀಚ್ ಬೋಲೇ ಥೇ," ಎಂದರು.

ಅಬ್ಬಾ ನಿಜವೇ ಹೇಳಿದ್ದರು ಎಂದು. ನಮಗೆ ಹೇಳಿದ್ದಲ್ಲ. ಓಣಿಯ ಆ ಹುಡುಗಿಯರಿಗೆ ಹೇಳಿದ್ದು.

ಆಮೇಲೆ ಮಲ್ಲಿಕಮ್ಮನ ಕೈ ಹಿಡಿದು, "ಬರ್ರಿ ಆಪಾ, ನೋಡ್ರಿ" ಎಂದು ಸ್ವಂತ ಅಕ್ಕನನ್ನು ಎಳೆದಂತೆ ಎಳೆದರು.

"ನಾ ಒಲ್ಲೆವ್ವ! ಶನಿನ್ನ ಹೋಗಿ ಹೋಗಿ ಯಾರರ ನೋಡತಾರೇನು?" ಎನ್ನುತ್ತಲೇ ಅವಳು ಕಣ್ಣಿಟ್ಟಳು. "ಇಷ್ಟ ಸಣ್ಣಾವಾ! ಕಿವಿ ಬೆಂಡೋಲಿ ಒಳಗಿನ ಹರಳಿನಂಗ ಅದಾನ! ಇಂಥವಗ ಅಂಜಿ ಇಷ್ಟು ವರ್ಷ ಎಣ್ಣಿ ಎರದೆನಾ?"

ಕಡೆಗೆ ನನ್ನ ಸರದಿ ಬಂತು. ಕಣ್ಣಿನಲ್ಲಿ ಇನ್ನೂ ನೀರು. ಒಂದು ಹಳದಿ ಕಲೆ ತೇಲಾಡಿತು, ಅಷ್ಟೆ. ಕಣ್ಣೊರೆಸಿಕೊಂಡು ಮತ್ತೆ ಬಾಗುವಷ್ಟರಲ್ಲಿ ಶನಿ ದಿಗಂತದ ಮಬ್ಬಿನಲ್ಲಿ ಇಳಿದಿದ್ದ.

"ನಾಳಿ ನೋಡೀರಂತ," ಎಂದರು ಮಾಸ್ತರರು. ಮರುದಿನದಿಂದ ಮೋಡ ಕವಿಯಿತು. ಅವರು ಹೊರಡುವವರೆಗೂ ಹರಿಯಲಿಲ್ಲ.

ಇಪ್ಪತ್ತೊಂಬತ್ತರ ಮುಂಜಾನೆ ಬಸ್ಸಿನ ಹತ್ತಿರ ಮಲ್ಲಿಕಮ್ಮ ಆ ಇಳಕಲ್ಲ ಸೀರೆಯನ್ನು ಖುರ್ಷೀದಬೇಗಂ ಕೈಗಿಟ್ಟಳು. ಇಸ್ತ್ರಿ ಮಾಡಿಸಿದ್ದಳು. ಆದರೂ ಸೆರಗು ಮುದುಡಿಯೇ ಇತ್ತು.

"ಎರಡು ಎಳಿ ಕಮ್ಮಿ ಅದಾವ್ರಿ ಬೇಗಂ. ಅವು ನಿಮ್ಮ ದುರ್ಬೀನಿನ್ಯಾಗ ಅದಾವು."

ಖುರ್ಷೀದಬೇಗಂ ಸೀರೆಯನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದರು. ಕೊಳವೆ ಮೇಲೆ ಹೋಯಿತು. ಕನ್ನಡಿಯನ್ನು ಮಾಸ್ತರರು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಡಬ್ಬಿಯೂ ಅವರ ಜೊತೆ ಹೋಯಿತು. ಅಂದಿನಿಂದ ಗೋಡೆಯ ಆಚೆ ಸದ್ದಿಲ್ಲ. ಮೂರು ವರ್ಷ ಬೈದುಕೊಂಡು ಕೇಳಿದ ಆ ಕರ್ರ್ ಕರ್ರ್ ಸದ್ದಿಗೆ ನಾನು ಈಗಲೂ ಸಂಜೆ ಹೊತ್ತು ಕಿವಿಗೊಡುತ್ತೇನೆ. ಮಲ್ಲಿಕಮ್ಮ ಒಂದೊಂದು ದಿನ ಎರಡು ರೊಟ್ಟಿ ಹೆಚ್ಚು ಬಡಿದು, ಗೋಡೆಯ ಕಡೆ ನೋಡಿ, ಬುಟ್ಟಿಗೆ ಹಾಕುತ್ತಾಳೆ.

ಹೋದ ವಾರ ಮಾಸ್ತರರ ಕಾಗದ ಬಂತು. ಮಾಳಿಗೆ ಇರುವ ಮನೆ ಸಿಕ್ಕಿದೆಯಂತೆ. ಮೇ ಕೊನೆಗೆ ಶನಿ ಮತ್ತೆ ಸಂಜೆಯ ಆಕಾಶಕ್ಕೆ ಬರುತ್ತಾನಂತೆ. ಕನ್ನಡಿಯ ಬೆಳ್ಳಿ ಮಾಸಿದೆ, ಪೂರ್ತಿ ತೊಳೆದು ಹೊಸದಾಗಿ ಹಚ್ಚಬೇಕು. ತೊಳೆದರೆ ಬೊಟ್ಟೂ ಹೋಗುತ್ತದೆ. ಆಪಾ ಬಂದು ಮತ್ತೆ ಇಡುವುದಾದರೆ ಮಾತ್ರ ತೊಳೆಯಲು ಬಿಡುತ್ತೇನೆ ಎಂದು ಬೇಗಂ ಹಟ ಹಿಡಿದಿದ್ದಾರಂತೆ. ಕೆಳಗೆ ನನಗೂ ಒಂದು ಸಾಲಿತ್ತು. "ತಾವೂ ಬರ್ರಿ. ಡಬ್ಬಿ ಇಲ್ಲೇ ಅದ. ತಪಕೀರು ಮಾತ್ರ ತರಬ್ಯಾಡ್ರಿ."

ಮೇ ಇಪ್ಪತ್ತೆಂಟಕ್ಕೆ ಯಾದಗಿರಿಯಲ್ಲಿ ರೈಲು ಹತ್ತುತ್ತೇವೆ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಕುಂಕುಮದ ಭರಣಿ ಮಲ್ಲಿಕಮ್ಮನ ಕೈಯಲ್ಲಿರುತ್ತದೆ. ಚೀಲ ಹೊರುವುದು ನಾನು.